ಗಿಳಿಯ ವಿಷಯ ದೇವರಿಗೆ ಹೇಳಬೇಡ

ಮನುಷ್ಯನಾದವನು ತನ್ನ ಗುಟ್ಟನ್ನು ಹೆಂಡತಿಯಿಂದ ಒಂದು ವಾರ, ಆಫೀಸಿನವರಿಂದ ನಿವೃತ್ತಿಯವರೆಗೆ ಕಾಪಾಡಿಕೊಳ್ಳಬಹುದು. ಆದರೆ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವ ಮಗುವೊಂದು ಮನೆಯಲ್ಲಿದ್ದರೆ ಒಂದು ಹೊತ್ತೂ ಕಾಪಾಡಿಕೊಳ್ಳಲಾರ. ಬೇರೆ ಯಾರಾದರೂ ಚಾಡಿ ಹೇಳಿದರೆ ನಡುವೆ ಬಾಯಿ ಹಾಕಬಹುದು, ಕೆಮ್ಮಬಹುದು, ಅದು ಹಾಗಲ್ಲ ಎಂದು ಎದ್ದು ನಿಲ್ಲಬಹುದು. ಪ್ರಾರ್ಥನೆಯಲ್ಲಿ ಆ ಸೌಲಭ್ಯವಿಲ್ಲ. ಎಲ್ಲರೂ ಕಣ್ಣು ಮುಚ್ಚಿ ತಲೆ ಬಗ್ಗಿಸಿರುತ್ತಾರೆ; ಆಪಾದಿತನೂ ಬಗ್ಗಿಸಿರಬೇಕು; ಕೊನೆಗೆ ತನ್ನ ಮೇಲಿನ ಆಪಾದನೆಗೆ ತಾನೇ ‘ಆಮೆನ್’ ಎಂದು ಒಪ್ಪಿಗೆ ಕೊಡಬೇಕು. ಒಂದು ಬೇಸಿಗೆಯುದ್ದಕ್ಕೂ ಹೊತ್ತುಹೊತ್ತಿಗೆ ಹೀಗೆ ಒಪ್ಪಿಗೆ ಕೊಟ್ಟವನು ನಾನು.

ನಾವು ತುಮಕೂರು ಕಡೆಯ ಕ್ರೈಸ್ತರು. ಜೀವವಿಮೆಯ ನೌಕರಿ ನನ್ನನ್ನು ಮದರಾಸಿಗೆ ತಂದು ಹಾಕಿತು. ಅದು ಚೆನ್ನೈ ಆಗುವ ಹೊತ್ತಿಗೆ ನಾನು ನಿವೃತ್ತನಾಗಿ ಪುರಸೈವಾಕ್ಕಂನ ಒಂದು ಅಡ್ಡರಸ್ತೆಯಲ್ಲಿ ಬೇರು ಬಿಟ್ಟಿದ್ದೆ. ಭಕ್ತಿಯ ವಿಷಯದಲ್ಲಿ ನಾನೂ ನನ್ನ ಹೆಂಡತಿ ಸುಗುಣಳೂ ಮಿತವ್ಯಯಿಗಳು. ಭಾನುವಾರದ ಆರಾಧನೆ, ಕ್ರಿಸ್‌ಮಸ್ಸಿಗೆ ಕೇಕು ಕರ್ಜಿಕಾಯಿ, ಪರೀಕ್ಷೆ, ಆಪರೇಷನ್ನು ಇತ್ಯಾದಿ ಸಂದರ್ಭಗಳಲ್ಲಿ ವಿಶೇಷ ಅರ್ಜಿ. ಇದಕ್ಕಿಂತ ಹೆಚ್ಚಾಗಿ ದೇವರಿಗೆ ತೊಂದರೆ ಕೊಟ್ಟವರಲ್ಲ. ಇಂಥ ಮನೆಯಲ್ಲಿ ಹುಟ್ಟಿದ ನಮ್ಮ ಒಬ್ಬನೇ ಮಗ ಜಯಕುಮಾರ ಮಿಷನರಿಯಾಗಿ, ಹೆಂಡತಿ ಎಸ್ತೇರಳನ್ನು ಕರೆದುಕೊಂಡು ಆಫ್ರಿಕದ ಜಾಂಬಿಯಾಕ್ಕೆ ಹೋದ. ಹಿಂದೆ ಬಿಳಿಯ ಪಾದ್ರಿಗಳು ಹಡಗಿನಲ್ಲಿ ಬಂದು ನನ್ನ ಮುತ್ತಜ್ಜನಿಗೆ ಹೇಳಿದ್ದನ್ನು ನನ್ನ ಮಗ ವಿಮಾನದಲ್ಲಿ ಹೋಗಿ ಅಲ್ಲಿಯವರಿಗೆ ಹೇಳುತ್ತಿದ್ದ. ಅವರಲ್ಲಿ ಹೆಚ್ಚಿನವರಿಗೆ ಅದು ಮೊದಲೇ ಗೊತ್ತಿತ್ತಂತೆ. ಆದರೂ ಪಾಪ, ದೂರದಿಂದ ಬಂದಿದ್ದಾನೆ ಎಂದು ಕೂತು ಕೇಳುತ್ತಿದ್ದರಂತೆ. ಅಲ್ಲಿನ ಸಭೆಗಳಲ್ಲಿ ಅವನು ನನ್ನ ಕೀರ್ತಿಯನ್ನೂ ಸಾರುತ್ತಿದ್ದ: ತನ್ನ ತಂದೆ ದಿನಾ ಸೂರ್ಯೋದಯಕ್ಕೆ ಮುಂಚೆ ಮೊಣಕಾಲೂರುತ್ತಾರೆ ಎಂದು. ಇದರಲ್ಲಿ ಸುಳ್ಳಿಲ್ಲ. ನಮ್ಮ ಬೀದಿಯ ನಲ್ಲಿಗೆ ನೀರು ಬರುವುದು ಆ ಹೊತ್ತಿಗೇ. ಸಂಪಿನ ಬಾಯಿಯ ಹತ್ತಿರ ಮೊಣಕಾಲೂರಿ ಬಗ್ಗಿ ನೋಡದೆ ಅದು ಬಂತೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಆ ಬೇಸಿಗೆ ಅವರು ರಜೆಗೆ ಬಂದರು. ಜೊತೆಯಲ್ಲಿ ಮಗಳು ಕೃಪಾ. ಕೈಗೂಸಾಗಿದ್ದಾಗ ಕಂಡಿದ್ದೆವು, ಈಗ ಒಂಬತ್ತು ವರ್ಷದವಳು. ಬಂದದ್ದು ಬರೀ ನಮ್ಮನ್ನು ನೋಡುವುದಕ್ಕಲ್ಲ. ಅವರಿದ್ದ ಊರಿನ ಶಾಲೆ ನಾಲ್ಕನೆಯ ತರಗತಿಗೆ ಮುಗಿದುಹೋಗುತ್ತಿತ್ತು. ಮುಂದಕ್ಕೆ ಎರಡು ದಿನದ ಬಸ್ಸಿನ ದಾರಿಯಲ್ಲಿ ಒಂದು ಹಾಸ್ಟೆಲ್ ಶಾಲೆ, ಇಲ್ಲವೇ ಚೆನ್ನೈಯಲ್ಲಿ ನಮ್ಮ ಮನೆ. ಎಸ್ತೇರ್ ಬಿ.ಎಡ್. ಮಾಡಿದವಳು, ಮನೆಯಲ್ಲೇ ಪಾಠ ಹೇಳಿಕೊಡಬಹುದಿತ್ತು; ಸೇವೆಗೆ ಅಡ್ಡಿಯಾಗುತ್ತದೆಂದು ಜಯಕುಮಾರ ಆ ಮಾತನ್ನೇ ಎತ್ತಗೊಡಲಿಲ್ಲ. ಹಾಸ್ಟೆಲ್ಲೋ ತಾತನ ಮನೆಯೋ ಎಂಬುದನ್ನು ರಜೆ ಮುಗಿಯುವುದರೊಳಗೆ ಪ್ರಾರ್ಥನೆ ಮಾಡಿ ತೀರ್ಮಾನಿಸುವುದೆಂದು ಗೊತ್ತಾಯಿತು. ಸುಗುಣ ಪ್ರಾರ್ಥನೆಗೆ ಕಾಯಲಿಲ್ಲ. ಬೀರುವಿನಲ್ಲಿ ನನ್ನ ಅಂಗಿಗಳಿದ್ದ ಅಂಕಣವನ್ನು ಖಾಲಿ ಮಾಡಿ, ಪೇಟೆ ಬೀದಿಗೆ ಹೋಗಿ ಶಾಲೆಯ ಚೀಲ, ನೀರಿನ ಬಾಟಲಿ, ರಿಬ್ಬನ್ನು ತಂದಿಟ್ಟಳು. ನನಗೂ ಒಳಗೊಳಗೇ ಅದೇ ಆಸೆ. ಗಂಡಸಾದ್ದರಿಂದ ರಿಬ್ಬನ್ನು ಕೊಳ್ಳಲಿಲ್ಲ ಅಷ್ಟೆ.

ಬಂದ ಸಂಜೆಯೇ ಎಸ್ತೇರ್ ಕೇಳಿದಳು: “ಮಾವ, ಮನೇಲಿ ದಿನಾ ಕುಟುಂಬ ಪ್ರಾರ್ಥನೆ ನಡೆಯುತ್ತಲ್ವಾ?”

“ಇಲ್ಲದೆ ಏನಮ್ಮಾ” ಎಂದೆ. ವ್ಯಾಕರಣದ ಪ್ರಕಾರ ಇದು ಸುಳ್ಳಲ್ಲ, ಬರೀ ಪ್ರಶ್ನೆ. ಒಳಗೆ ಹೋದಾಗ ಸುಗುಣ ಸಣ್ಣ ದನಿಯಲ್ಲಿ, “ರೀ, ಇವರು ಹೋಗೋವರೆಗೆ ಸ್ವಲ್ಪ ಮನುಷ್ಯರ ಹಾಗಿರಿ, ಆಮೇಲೆ ನಿಮ್ಮಿಷ್ಟ” ಎಂದಳು.

ಕೃಪಾಳ ಕನ್ನಡದ ವಿಷಯವನ್ನು ಇಲ್ಲಿ ಹೇಳಬೇಕು. ಚೆನ್ನೈಯ ಕನ್ನಡದ ಮಕ್ಕಳು ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ಅದು ನಮಗೆ ರೂಢಿ. ಇವಳು ಆಫ್ರಿಕದಲ್ಲಿ ಬೆಳೆದವಳು, ಅಪ್ಪ ಅಮ್ಮ ತಮ್ಮತಮ್ಮಲ್ಲಿ ಇಂಗ್ಲಿಷ್ ಆಡುವವರು. ಅವಳ ಕಿವಿಗೆ ಬಿದ್ದ ಕನ್ನಡವೆಲ್ಲ ಬೆಳಗಿನ ವೇದಪಾಠದ್ದು, ರಾತ್ರಿಯ ಪ್ರಾರ್ಥನೆಯದು. ಹೀಗಾಗಿ ಮಗು ಉಪ್ಪಿಟ್ಟು ಕೇಳಿದರೂ ಪ್ರವಾದಿಯೊಬ್ಬ ಬೆಟ್ಟದಿಂದ ಇಳಿದು ಬಂದು ಕೇಳಿದಂತಿರುತ್ತಿತ್ತು. “ತಾತನೇ, ಸೊಳ್ಳೆಗಳು ನನ್ನ ಮೇಲೆ ದಂಡೆತ್ತಿ ಬಂದವು” ಎನ್ನುತ್ತಿದ್ದಳು. “ಅಜ್ಜಿಯೇ, ಇನ್ನೊಂದು ದೋಸೆಯನ್ನು ದಯಪಾಲಿಸು” ಎನ್ನುತ್ತಿದ್ದಳು. ದೇವರಿಗೂ ಏಕವಚನ, ತಾತನಿಗೂ ಏಕವಚನ, ಹಾಲಿನವನಿಗೂ ಏಕವಚನ. ಪಕ್ಕದ ಮನೆಯ ರಂಗರಾಯರು, ಮಂಡ್ಯದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಇದನ್ನು ಕೇಳಿ ದಂಗಾಗಿ, “ಏನ್ರೀ, ಮಗು ಶಾಸನ ಓದಿದ ಹಾಗೆ ಮಾತಾಡುತ್ತಲ್ರೀ” ಎಂದರು. ಆಮೇಲೆ ತಮ್ಮ ಮೊಮ್ಮಗನನ್ನು ಕರೆದು ನೋಡಿ ಕಲಿ ಎಂದರು. ಅವನು “ಪೋ ತಾತಾ” ಎಂದು ಓಡಿಹೋದ.

ಭಾಷೆಯಿಂದ ನನಗೆ ತೊಂದರೆಯಿರಲಿಲ್ಲ. ತೊಂದರೆಯಿದ್ದದ್ದು ಪ್ರಾರ್ಥನೆಯಿಂದ. ಊಟಕ್ಕೆ ಮುಂಚೆ ಕೃಪಾ ಪ್ರಾರ್ಥಿಸಬೇಕು, ಮನೆಗೆ ಹಿರಿಯನಾದ ನಾನು ಮುಗಿಸಬೇಕು, ಇದು ಜಯಕುಮಾರನ ಏರ್ಪಾಟು. ನನ್ನದು ಅನ್ನ ಆರದಷ್ಟು ಚಿಕ್ಕದು. ಅವಳದು ದಿನದ ಪೂರ್ತಿ ವರದಿ. ದೇವರಿಗೆ ಎಲ್ಲವನ್ನೂ ಹೇಳಬೇಕೆಂದು ಅವಳಿಗೆ ಕಲಿಸಿದ್ದರು, ಅವಳು ಹೇಳುತ್ತಿದ್ದಳು. ಬೆಳಗಿನ ಪ್ರಾರ್ಥನೆಯಲ್ಲಿ ತಾತನು ಗೊರಕೆ ಹೊಡೆದನು, ಅವನನ್ನು ಬಲಪಡಿಸು. ನೀರಿನ ಲಾರಿಯ ಮುಂದೆ ತಾತನು ಒಬ್ಬ ಹೆಂಗಸಿನ ಕೊಡವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದನು, ಆಕೆಯು ತಾತನನ್ನು ಕುರಿತು ಆಡಿದ ಮಾತಿನ ಅರ್ಥವನ್ನು ನನಗೆ ತಿಳಿಯಪಡಿಸು. ನಾನು ಒಂದು ಕಣ್ಣು ಅರ್ಧ ತೆರೆದು ನೋಡಿದರೆ ಎಸ್ತೇರ್ ಇನ್ನೊಂದು ಕಣ್ಣು ಅರ್ಧ ತೆರೆದು ನನ್ನನ್ನೇ ನೋಡುತ್ತಿರುತ್ತಿದ್ದಳು. ಹಸಿವೆಯೇ ಹಾರಿಹೋಗಿತ್ತು. ಇಂಥ ಮುದುಕನ ಕೈಯಲ್ಲಿ ಯಾವ ತಾಯಿ ತಾನೆ ಮಗುವನ್ನು ಬಿಟ್ಟುಹೋದಾಳು?

ಆ ಆತಂಕವೇ ನನ್ನನ್ನು ಗಿಳಿಯ ಹತ್ತಿರಕ್ಕೆ ತಳ್ಳಿತು. ಬಟ್ಟೆ ಅಂಗಡಿಗಳ ಸಾಲಿನಲ್ಲಿ, ಪಾದಚಾರಿಗಳ ಕಟ್ಟೆಯ ಮೇಲೆ ಒಬ್ಬ ಗಿಳಿಶಾಸ್ತ್ರದವನು ಬಹುಕಾಲದಿಂದ ಕೂರುತ್ತಿದ್ದ. ಕೃಪಾಳಿಗೆ ಐಸ್ ಕೊಡಿಸಿ ವಾಪಸು ಬರುವಾಗ ನನ್ನ ಕಾಲು ಅಲ್ಲಿ ತಾನಾಗಿ ನಿಂತಿತು. ಮಿಷನರಿಯೊಬ್ಬನ ತಂದೆ ಗಿಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಮ್ಮಗಳು ನಮ್ಮಲ್ಲಿ ಉಳಿಯುತ್ತಾಳೋ ಇಲ್ಲವೋ ಎಂದು ಕೇಳಿದ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. ಅವನ ಚೀಟಿಗಳಲ್ಲಿ ಎಲ್ಲ ಮತದ ದೇವರುಗಳೂ ಒಟ್ಟಿಗಿದ್ದರು. ಗಿಳಿ ಪಂಜರದಿಂದ ಹೊರಗೆ ಬಂದು, ನನ್ನ ಮುಖವನ್ನು ಒಂದು ಸಲ ನೋಡಿ, ಕ್ಯಾಥೊಲಿಕರ ವೇಳಾಂಗಣಿ ಮಾತೆಯ ಚಿತ್ರವನ್ನು ಎಳೆಯಿತು. ನಾವು ಪ್ರಾಟೆಸ್ಟೆಂಟರು, ಆದರೂ ಪಕ್ಷಿಯ ಮಟ್ಟಿಗೆ ಇದು ಸಾಕಷ್ಟು ಹತ್ತಿರವೇ. ಅವನು, “ಕೊಳಂದೆ ಉಂಗ ಕೂಡತ್ತಾನ್ ಇರುಕ್ಕುಂ ಸಾರ್” ಎಂದ. ಮಗು ನಿಮ್ಮ ಜೊತೆಯಲ್ಲೇ ಇರುತ್ತದೆ ಎಂದು. ನನ್ನ ಜೀವ ತಂಪಾಯಿತು. ಎದ್ದು ತಿರುಗಿದರೆ ಕೃಪಾ ಕಣ್ಣರಳಿಸಿ ನಿಂತಿದ್ದಾಳೆ.

“ಪುಟ್ಟೀ, ಈ ಗಿಳಿಯ ವಿಷಯ ದೇವರಿಗೆ ಹೇಳಬೇಡಮ್ಮಾ” ಎಂದೆ.

ಅವಳು ತಲೆಯಾಡಿಸಿದಳು. ರಾತ್ರಿ ಊಟಕ್ಕೆ ಕೂತಾಗ ಕೈ ಜೋಡಿಸಿ ಗಂಭೀರವಾಗಿ, “ಕರ್ತನೇ, ನಿನಗೆ ಹೇಳಬಾರದೆಂದು ತಾತನು ಆಜ್ಞಾಪಿಸಿದ ಗಿಳಿಯ ವಿಷಯವನ್ನು ನಾನು ನಿನಗೆ ಹೇಳುವುದಿಲ್ಲ” ಎಂದಳು.

ಆಮೆನ್ ಆದಮೇಲೆ ಎಸ್ತೇರ್, “ಯಾವ ಗಿಳಿ ಮಾವ?” ಎಂದಳು. ಉತ್ತರ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. “ಅಪ್ಪಾ, ಆ ಗಿಳಿ ಇನ್ನೂ ಇದೆಯಾ?” ಎಂದ ಜಯಕುಮಾರ. ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆ ಅವನೂ ಹೋಗಿದ್ದನಂತೆ. ಇಷ್ಟು ಹೇಳಿ, ಹೆಂಡತಿಯ ಮುಖ ಕಂಡು, ಸಾಂಬಾರಿನ ಕಡೆ ತಿರುಗಿಕೊಂಡ.

ನಮ್ಮ ಆಸೆ ಅಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿಯಲಿಲ್ಲ. ಗೊರಕೆ, ಕೊಡ, ಗಿಳಿ ಎಲ್ಲವನ್ನೂ ತಕ್ಕಡಿಯ ಒಂದು ತಟ್ಟೆಯಲ್ಲೂ ಆ ದೂರದ ಹಾಸ್ಟೆಲ್ಲನ್ನು ಇನ್ನೊಂದರಲ್ಲೂ ಇಟ್ಟು ತೂಗಿದಾಗ ನಾನೇ ವಾಸಿ ಎನ್ನಿಸಿರಬೇಕು. ಅವರು ಹೊರಡುವ ವಾರ, ಭಾನುವಾರದ ಊಟಕ್ಕೆ ಕೂತಾಗ ಜಯಕುಮಾರ, ಕೃಪಾ ಇಲ್ಲೇ ಇರಲಿ ಎಂದ. ಸುಗುಣ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎಸ್ತೇರ್ ತಟ್ಟೆ ನೋಡುತ್ತಿದ್ದಳು. ನಾನು ಮನಸ್ಸಿನಲ್ಲೇ ಗಿಳಿಗೆ ನಮಸ್ಕಾರ ಹಾಕುತ್ತಿರುವಾಗ ಕೃಪಾ ಪ್ರಾರ್ಥನೆ ಶುರುಮಾಡಿದಳು. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

“ಕರ್ತನೇ, ಅನ್ನಕ್ಕಾಗಿ ಸ್ತೋತ್ರ. ನಾನು ಇಲ್ಲಿಯೇ ಉಳಿಯುವೆನು. ಅಜ್ಜಿಯು ನನಗಾಗಿ ಚೀಲವನ್ನು ಕೊಂಡುಕೊಂಡಿದ್ದಾಳೆ. ರಾತ್ರಿಯಲ್ಲಿ ನನಗೆ ಅಳು ಬಂದರೆ ಅದು ಅಜ್ಜಿಗೂ ತಾತನಿಗೂ ಕೇಳಿಸದ ಹಾಗೆ ಮಾಡು, ಅವರು ದುಃಖಪಟ್ಟಾರು.”

ಮುಗಿಸುವ ಸರದಿ ನನ್ನದು. ಅನ್ನ ಆರಿದರೆ ಆರಲಿ ಎನ್ನಿಸಿತು. ಮಗನಿಗೆ ಎದುರಾಗಿ ಒಂದು ಮಾತು ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಅವನ ಕಡೆ ದೇವರಿದ್ದಾನೆಂದು ಮೊದಲಿನಿಂದಲೂ ಭಯ. ಆದರೆ ಈಗ ಅವನ ಕಣ್ಣು ಮುಚ್ಚಿತ್ತು. ನಡುವೆ ಬಾಯಿ ಹಾಕುವಂತಿರಲಿಲ್ಲ.

“ಕರ್ತನೇ,” ಎಂದೆ, “ಇವರು ಇಲ್ಲದಾಗ ಈ ಮನೆಯಲ್ಲಿ ಕುಟುಂಬ ಪ್ರಾರ್ಥನೆ ನಡೆಯುವುದಿಲ್ಲ ಅನ್ನೋದು ನಿನಗೆ ಗೊತ್ತು. ನನ್ನ ಸೊಸೆ ಬಿ.ಎಡ್. ಮಾಡಿದ್ದಾಳೆ ಅನ್ನೋದೂ ಗೊತ್ತು, ನನ್ನ ಮಗನಿಗೆ ಮರೆತಂತಿದೆ. ಮಗು ಅಳುವುದೇ ಆದರೆ ತಾಯಿಗೆ ಕೇಳಿಸುವಷ್ಟು ಹತ್ತಿರದಲ್ಲಿ ಅಳಲಿ.”

ಮೊದಲು ಆಮೆನ್ ಹೇಳಿದವಳು ಕೃಪಾ. ಆಮೇಲೆ ಎಸ್ತೇರ್. ಬಹಳ ಹೊತ್ತಿನ ಮೇಲೆ ಜಯಕುಮಾರ. ಸುಗುಣ ಹೇಳಲೇ ಇಲ್ಲ.

ಎಸ್ತೇರ್ ಮನೆಯಲ್ಲೇ ಪಾಠ ಹೇಳಿಕೊಡುವುದೆಂದಾಗಿ ಅವರು ಮಗುವನ್ನು ಕರೆದುಕೊಂಡು ಹೋದರು. ವಿಮಾನ ನಿಲ್ದಾಣದಲ್ಲಿ ಆ ಶಾಲೆಯ ಚೀಲ ಕೃಪಾಳ ಬೆನ್ನ ಮೇಲಿತ್ತು. ಮನೆಗೆ ಬಂದಮೇಲೆ ಸುಗುಣ ನನ್ನೊಂದಿಗೆ ಮಾತು ಬಿಟ್ಟಳು. ಖಾಲಿಯಾದ ಬೀರುವಿನ ಅಂಕಣಕ್ಕೆ ಅಂಗಿಗಳನ್ನು ಇಡಲು ಹೋದರೆ ಬಾಗಿಲು ಹಾಕಿಬಿಡುತ್ತಿದ್ದಳು. ಒಂದು ವಾರವಾದ ಮೇಲೆ ಊಟಕ್ಕೆ ಕೂತಾಗ ತಾನಾಗಿ ಕಣ್ಣು ಮುಚ್ಚಿದಳು. “ಕರ್ತನೇ, ಹೆಂಡತಿಯನ್ನ ಒಂದು ಮಾತು ಕೇಳದೆ ದೊಡ್ಡ ಮನುಷ್ಯರಾಗೋ ಕೆಲವರಿದ್ದಾರೆ, ಅವರಿಗೆ ಒಳ್ಳೇ ಬುದ್ಧಿ ಕೊಡು. ಗ್ಯಾಸ್ ಮುಗಿದು ಎರಡು ದಿನವಾಯ್ತು, ಅದನ್ನೂ ಅವರ ಗಮನಕ್ಕೆ ತಾ” ಎಂದಳು. ಅಂದಿನಿಂದ ನಮ್ಮ ಸಂಸಾರ ಈ ಮಾರ್ಗದಲ್ಲೇ ಸಾಗಿದೆ. ಅವಳು ಮೇಲಕ್ಕೆ ಹೇಳುತ್ತಾಳೆ, ನಾನು ಪಕ್ಕದಲ್ಲಿ ತಲೆ ಬಗ್ಗಿಸಿ ಕೇಳಿಸಿಕೊಂಡು, ಸಿಲಿಂಡರಿಗೆ ಫೋನ್ ಮಾಡಲು ಏಳುತ್ತೇನೆ.