ಹಲ್ಲಿಗೆ ಹಲ್ಲು ಕೂಡಿಸಿದ ಪ್ರಸಂಗ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ಗಾದೆ. ಬ್ಯಾಂಕಿನ ವರ್ಗಾವಣೆಯ ಮೇಲೆ ತೆಲುಗು ಸೀಮೆಗೆ ಬಂದ ನಮ್ಮಂಥವರು ಬಾಯಿದ್ದೂ ದಿನಕ್ಕೊಮ್ಮೆ ಎಡವುತ್ತಿರುತ್ತೇವೆ. ಅಂಥದ್ದರಲ್ಲಿ ನಾನು ವಾರಗಟ್ಟಲೆ ಬಾಯಿಗೆ ರಬ್ಬರ್ ಬಿಗಿಸಿಕೊಂಡು ಕೂತವನು. ನಡೆದದ್ದರಲ್ಲಿ ಹೇಳಬಹುದಾದಷ್ಟನ್ನು ಹೇಳುತ್ತೇನೆ.

ಸಂದು

ನನ್ನ ಹಿಂದಿನ ಹಲ್ಲುಗಳು ಕೂಡಿದರೂ ಮುಂದಿನವು ಕೂಡುತ್ತಿರಲಿಲ್ಲ. ನಡುವೆ ಕಿರುಬೆರಳು ತೂರುವಷ್ಟು ಸಂದು. ಹೀಗಾಗಿ ಮೂವತ್ತೈದು ವರ್ಷ ನಾನು ಯಾವುದನ್ನೂ ಮುಂದಿನ ಹಲ್ಲಿನಿಂದ ಕಚ್ಚಿ ತಿಂದವನಲ್ಲ. ಚಪಾತಿಯನ್ನು ಕೈಯಲ್ಲಿ ಹರಿದು ದವಡೆಗೆ ಸಾಗಿಸುತ್ತಿದ್ದೆ. ಮದುವೆಮನೆಗಳಲ್ಲಿ ಜಿಲೇಬಿಯನ್ನು ಇಡಿಯಾಗಿ ತುರುಕಿಕೊಂಡು ಹೊಟ್ಟೆಬಾಕ ಎನ್ನಿಸಿಕೊಂಡಿದ್ದೆ. ಅದರ ನಾಚಿಕೆ ನನಗೆ ನಿಜವಾಗಿಯೂ ಇತ್ತು. ಒಂದು ಸಲವಾದರೂ ಎಲ್ಲರಂತೆ ಕಚ್ಚಿ ತಿನ್ನಬೇಕು, ಇಷ್ಟೇ ಆಸೆ.

ಗಾಜುವಾಕದಲ್ಲಿ ಬಾಡಿಗೆಗಿದ್ದಾಗ ವಿಶಾಖಪಟ್ಟಣದ ಡಾಕ್ಟರೊಬ್ಬರಿಗೆ ತೋರಿಸಿದೆ. ವರ್ಷವಿಡೀ ಹಲ್ಲಿಗೆ ತಂತಿ ಹಾಕಿ, ಆಮೇಲೆ ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಕತ್ತರಿಸಿ, ಸರಿಯಾದ ಜಾಗದಲ್ಲಿ ಕೂರಿಸಿ, ಪ್ಲೇಟು ಸ್ಕ್ರೂ ಹಾಕುತ್ತೇವೆ ಎಂದರು. ಮುಖ ಊದುತ್ತದೆ, ತುಟಿ ಮರಗಟ್ಟುತ್ತದೆ, ಎಲ್ಲವನ್ನೂ ಕುಡಿದೇ ಹೊಟ್ಟೆ ತುಂಬಿಸಿಕೊಳ್ಳಬೇಕು ಎಂದೂ ಹೇಳಿದರು. ನಾನು ಕೂತಲ್ಲೇ ಬೆವರಿದೆ. ಪಕ್ಕದಲ್ಲಿದ್ದ ಹೆಂಡತಿ ಮಾತ್ರ ಶಾಂತವಾಗಿ, ಮಾತು ಎಷ್ಟು ದಿನ ಇರುವುದಿಲ್ಲ ಎಂದು ವಿಚಾರಿಸಿದಳು.

"ನಾಲ್ಕಾರು ವಾರ ಕಷ್ಟ," ಎಂದರು ಡಾಕ್ಟರು.

ಅವಳು ನನ್ನ ಕಡೆ ತಿರುಗಿ, "ಹಂಗಾದ್ರೆ ಮಾಡ್ಸಿಬಿಡಣ ಬಿಡ್ರಿ," ಎಂದಳು.

ಕುಡಿ, ಸಾಕು

ಆಪರೇಷನ್ ಆದ ಮಾರನೆಯ ದಿನ ನನ್ನ ಮುಖ ಕುಂಬಳಕಾಯಿಯಾಗಿತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ರಬ್ಬರ್ ಬಿಗಿದಿದ್ದರಿಂದ ಮಾತು ಬಂದ್. ನರ್ಸಮ್ಮ ಒಂದು ಸ್ಲೇಟು ಕೊಟ್ಟರು. ನನಗೆ ತೆಲುಗು ಮಾತಾಡಲು ಬರುತ್ತದೆ, ಬರೆಯಲು ಬಾರದು. ಆದರೆ ಎರಡೂ ಲಿಪಿಗಳು ಅಕ್ಕತಂಗಿಯರಲ್ಲವೇ, ಕನ್ನಡದಲ್ಲೇ ಬರೆದರಾಯಿತು ಎಂದುಕೊಂಡೆ.

ಬಾಯಾರಿಕೆಯಾಗಿತ್ತು. ಕುಡಿಯಲು ಕೊಡಿ ಎಂದು ಬರೆಯಹೊರಟವನು, ಅಷ್ಟುದ್ದ ಯಾಕೆಂದು "ಕುಡಿ" ಎಂದಷ್ಟೇ ಬರೆದು ತೋರಿಸಿದೆ. ನರ್ಸಮ್ಮ ಸಲೀಸಾಗಿ ಓದಿದರು. ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಐಸ್ ಚೀಲ ತಂದು ನನ್ನ ಬಲಗೆನ್ನೆಗೆ ಇಟ್ಟರು. ನಾನು ಕುಡಿ ಎಂಬುದರ ಕೆಳಗೆ ಎರಡು ಗೆರೆ ಎಳೆದೆ. ಅವರು ಇನ್ನಷ್ಟು ಒತ್ತಿ ಹಿಡಿದರು.

ಹೆಂಡತಿ ಬಂದು ಬಿಡಿಸಿ ಹೇಳಿದ ಮೇಲೆ ಸಿರಿಂಜಿನಲ್ಲಿ ಜ್ಯೂಸು ಶುರುವಾಯಿತು. ಹೊಟ್ಟೆ ತುಂಬಿದಾಗ "ಸಾಕು" ಎಂದು ಬರೆದೆ. ಹೆಂಡತಿ ಆಗಲೇ ಔಷಧಿ ತರಲು ಕೆಳಗಿಳಿದಿದ್ದಳು. ನರ್ಸಮ್ಮನ ಮುಖ ಬಿಗಿಯಾಯಿತು. "ಸಾಕುಲು ಚೆಪ್ಪಕಂಡಿ ಸಾರ್, ತಾಗಂಡಿ," ಎಂದರು. ತೆಲುಗಿನಲ್ಲಿ ಸಾಕು ಎಂದರೆ ನೆಪ. ನೆಪ ಹೇಳಬೇಡಿ, ಕುಡಿಯಿರಿ ಎಂದು ಇನ್ನೊಂದು ಸಿರಿಂಜು. ಸಾಕು ಎಂದು ಬರೆದಾಗಲೆಲ್ಲ ಒಂದೊಂದು ಸಿರಿಂಜು ಹೆಚ್ಚಾಯಿತು. ನಾಲ್ಕನೆಯದಕ್ಕೆ ನಾನೇ ಸ್ಲೇಟು ಒರೆಸಿ ದಿಂಬಿನ ಕೆಳಗಿಟ್ಟೆ.

ಪಳ್ಳು

ನನ್ನ ಹೆಂಡತಿ ತೆಲುಗು ಕಲಿತದ್ದು ಗಾಜುವಾಕದ ಹಣ್ಣಿನ ಗಾಡಿಯ ಮುಂದೆ. ಪಳ್ಳು ಎಂದರೆ ಹಣ್ಣು ಎಂಬುದು ಅವಳ ಮೊದಲ ಪಾಠ. ತೆಲುಗಿನಲ್ಲಿ ಹಲ್ಲಿಗೂ ಪಳ್ಳು ಎಂದೇ ಅನ್ನುತ್ತಾರೆ ಎಂದು ಹಣ್ಣಿನವನು ಯಾಕೆ ಹೇಳಿಯಾನು?

ಮನೆಗೆ ಕಳಿಸುವಾಗ ನರ್ಸಮ್ಮ ಅವಳನ್ನು ಪಕ್ಕಕ್ಕೆ ಕರೆದು, ಮೆತ್ತನೆಯ ಬ್ರಷ್ಷಿನಲ್ಲಿ ದಿನಕ್ಕೆ ಮೂರು ಸಲ "ಪಳ್ಳು ತೋಮಾಲಿ" ಎಂದರು. ತೋಮು ಎಂದರೆ ತಿಕ್ಕು. ಇಲ್ಲದಿದ್ದರೆ ಸೋಂಕಾಗುತ್ತದೆ ಎಂದು ಹೆದರಿಸಿಯೂ ಕಳಿಸಿದರು. ಬಾಯಿ ಮುಕ್ಕಳಿಸಲು ಔಷಧ ಕೊಟ್ಟಿದ್ದರಿಂದ ನಾನು ಅಷ್ಟೇ ಸಾಕೆಂದುಕೊಂಡಿದ್ದೆ. ಅಡುಗೆಮನೆಯಲ್ಲಿ ವಾರವಿಡೀ ಏನೋ ತಿಕ್ಕುವ ಸದ್ದು ಕೇಳುತ್ತಿತ್ತು. ಪಾತ್ರೆ ಇರಬೇಕು ಎಂದು ಸುಮ್ಮನಿದ್ದೆ.

ವಾರದ ಮೇಲೆ ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು ಹುಬ್ಬು ಗಂಟಿಕ್ಕಿದರು. ಬ್ರಷ್ಷೇ ಮಾಡಿಲ್ಲವಲ್ಲ ಎಂದರು. ಹೆಂಡತಿಗೆ ಅವಮಾನವಾಯಿತು. ತನ್ನ ತೆಲುಗಿನಲ್ಲಿ ಅವಳು ಹೇಳಿದ್ದರ ಅರ್ಥ ಇಷ್ಟು: "ದಿನಕ್ಕೆ ಮೂರು ಸಲ ನಾನೇ ಕೂತು ತಿಕ್ಕಿದ್ದೇನೆ. ಮೋಸಂಬಿಯೇನೋ ತಡೆಯುತ್ತದೆ, ಸಪೋಟದ್ದು ಸಿಪ್ಪೆಯೇ ಕಿತ್ತು ಬರುತ್ತದೆ."

ಮುಖ

ಕೆಲಸಕ್ಕೆ ಮರಳಿದ ದಿನ ಬ್ಯಾಂಕಿನ ಬಾಗಿಲಲ್ಲಿ, ಮುಖ ನೋಡಿ ಹಾಜರಿ ಹಾಕುವ ಯಂತ್ರದ ಮುಂದೆ ಮುಖ ಒಡ್ಡಿದೆ. ಹೊಂದುತ್ತಿಲ್ಲ ಎಂದಿತು. ಕನ್ನಡಕ ತೆಗೆದೆ, ಹಾಕಿದೆ, ನಕ್ಕೆ. ಒಪ್ಪಲಿಲ್ಲ. ಹಿಂದೆ ಅಚ್ಯುತಾಪುರಂ ಕಾರ್ಖಾನೆಯ ಕೆಲಸಗಾರನೊಬ್ಬ ನಿಂತಿದ್ದ. ಫೋಟೊ ಮುಖಕ್ಕೆ ಹೊಂದುವುದಿಲ್ಲ ಎಂದು ನಾನು ಖಾತೆ ತೆರೆಯುವ ಅವನ ಅರ್ಜಿಯನ್ನು ಮೂರು ಸಲ ವಾಪಸ್ ಕಳಿಸಿದ್ದೆ. ಅವನು ಬಹಳ ಮರ್ಯಾದೆಯಿಂದ, "ಆಧಾರ್ ತೆಚ್ಚಾರಾ ಸಾರ್?" ಎಂದು ಕೇಳಿದ. ಆಧಾರ್ ತಂದಿದ್ದೀರಾ ಎಂದು.

ಗುರುತು

ಅಷ್ಟರಲ್ಲಿ ವಿಜಯವಾಡಕ್ಕೆ ವರ್ಗವಾಗಿ ಭವಾನಿಪುರಂನಲ್ಲಿ ಮನೆ ಮಾಡಿದೆವು. ಕೊನೆಯ ತಪಾಸಣೆಗೆ ವಿಶಾಖಪಟ್ಟಣಕ್ಕೆ ಹೋದಾಗ ಡಾಕ್ಟರು, ಇನ್ನು ಕಚ್ಚಿ ತಿನ್ನಬಹುದು ಎಂದರು. ಹಾಗೆಂದ ಮೇಲೂ ಎರಡು ದಿನ ನನಗೆ ಧೈರ್ಯ ಬರಲಿಲ್ಲ. ಇಷ್ಟೆಲ್ಲ ಕತ್ತರಿಸಿಕೊಂಡೂ ಕಚ್ಚಲು ಬರದೇಹೋದರೆ ಎಂಬ ಭಯ.

ಮೂರನೆಯ ದಿನ ಹೆಂಡತಿಯ ಜೊತೆ ಹೊಳೆಯ ಕಡೆ ಹೋಗುವಾಗ ಮಾಗಿದ ಒಂದು ಪೇರಲಹಣ್ಣು ಕೊಂಡೆ. ಗಾಡಿಯವನು ರೂಢಿಯಂತೆ ಹೆಚ್ಚಿ ಉಪ್ಪುಕಾರ ಹಚ್ಚಲು ಚಾಕು ತೆಗೆದ. ಬೇಡ, ಇಡೀ ಹಣ್ಣೇ ಕೊಡು ಎಂದೆ. ಕೃಷ್ಣೆಯ ದಡದಲ್ಲಿ ಕೂತು ಕಣ್ಣು ಮುಚ್ಚಿ ಕಚ್ಚಿದೆ. ಕಟ್ ಎಂದು ಒಂದು ತುಂಡು ಬಾಯಿಗೆ ಬಂತು. ಕಣ್ಣು ತೆರೆದರೆ ಹಣ್ಣಿನ ಮೇಲೆ ನನ್ನ ಹಲ್ಲಿನ ಗುರುತು, ಮೇಲಿನವೂ ಕೆಳಗಿನವೂ ಸಾಲಾಗಿ. ನಾನು ಅತ್ತೆ. ಹೆಂಡತಿಯೂ ಅತ್ತಳು.

ಚಿಕ್ಕಂದಿನಲ್ಲಿ ನನಗೆ ಎಲ್ಲವನ್ನೂ ಹೆಚ್ಚಿ ಹೆಚ್ಚಿ ತಿನ್ನಿಸಿದವಳು ಅವ್ವ. ಮೊದಲು ಅವಳಿಗೇ ತೋರಿಸಬೇಕು ಎನಿಸಿತು. ಹಣ್ಣಿನ ಫೋಟೊ ತೆಗೆದು ದಾವಣಗೆರೆಗೆ ಕಳಿಸಿದೆ. ನೋಡಿದ ಕೂಡಲೇ ಅವಳಿಗೆ ತಿಳಿಯುತ್ತದೆ ಎಂದು ಒಂದಕ್ಷರವನ್ನೂ ಬರೆಯಲಿಲ್ಲ. ನಿಮಿಷದೊಳಗೆ ಫೋನು ಬಂತು. ಅವ್ವನ ದನಿ ಗಾಬರಿಯಾಗಿತ್ತು.

"ಅದನ್ನ ತಿನ್ಬ್ಯಾಡಪ್ಪ, ಎಸ್ದುಬಿಡು. ಇಲಿ ಕಡ್ದೈತಿ."