ಕಿಡಿ ಹಾರಿದ್ದು ಯಾರ ಜೊತೆ?

ವಿಜ್ಞಾನದ ಮೇಷ್ಟ್ರಾಗಿ ಒಂದು ಪಾಠವನ್ನಾದರೂ ನೆಮ್ಮದಿಯಾಗಿ ಮುಗಿಸಿದ ನೆನಪು ನನಗಿಲ್ಲ. ಪಾಂಡವಪುರದ ಹತ್ತಿರದ ನಮ್ಮ ಹೈಸ್ಕೂಲಿಗೆ ನಾಗಮಂಗಲದಿಂದ ಹೊಸ ಸೈನ್ಸ್ ಮಿಸ್ಸು ಬಂದ ಮೇಲಂತೂ ಕೇಳಬೇಡಿ. ಮಕ್ಕಳ ಬಾಯಲ್ಲೆಲ್ಲ ಆಕೆಯದೇ ಮಾತು. ನನ್ನ ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೇ?

ಬಲೂನು

ಸ್ಥಿರ ವಿದ್ಯುತ್ತಿನ ಪಾಠ. ಮಿಸ್ಸು ಬಲೂನು ಊದಿ, ತಮ್ಮ ಜಡೆಗೆ ಉಜ್ಜಿ ಗೋಡೆಗೆ ಒತ್ತಿದರು. ಅಂಟಿಕೊಂಡಿತು. ಚಪ್ಪಾಳೆ ಸ್ಟಾಫ್ ರೂಮಿಗೂ ಕೇಳಿಸಿತು. ಮಾರನೇ ದಿನ ಪಕ್ಕದ ಸೆಕ್ಷನ್ನಿನಲ್ಲಿ ನಾನೂ ಬಲೂನು ಊದಿ ನನ್ನ ನುಣ್ಣನೆಯ ತಲೆಗೆ ಉಜ್ಜಿದೆ. ಗೋಡೆಗಿಟ್ಟೆ, ಬಿತ್ತು. ಮತ್ತೆ ಉಜ್ಜಿದೆ, ಮತ್ತೆ ಬಿತ್ತು. ಹಿಂದಿನ ಬೆಂಚಿನವನೊಬ್ಬ ಕನಿಕರದಿಂದ ಕೇಳಿದ: "ಸಾ, ನಿಮ್ ತಲೇಲಿ ಉಜ್ಜಕ್ಕೆ ಏನೈತೆ? ಮಿಸ್ಸುನ್ನೇ ಕರ್ಕೊಂಬರ್ಲಾ?"

ನಿಂತದ್ದು, ಹರಿದದ್ದು

"ಸ್ಥಿರ ವಿದ್ಯುತ್ತು ಒಂದು ಕಡೆ ಕೂಡಿ ನಿಲ್ಲುತ್ತೆ, ಪ್ರವಾಹ ವಿದ್ಯುತ್ತು ತಂತಿಯಲ್ಲಿ ಹರಿಯುತ್ತೆ" ಎಂದು ಗಂಟಲು ಒಣಗುವಷ್ಟು ಹೇಳಿ, ಉದಾಹರಣೆ ಕೇಳಿದೆ. ಒಬ್ಬಳು ಎದ್ದಳು.

"ಸಾ, ನಮ್ ತೋಟಕ್ಕೆ ಬರೋದು ಸ್ಥಿರ ವಿದ್ಯುತ್ತು. ಕಂಬದ್ ಮೇಲೇ ನಿಂತ್ಬುಡ್ತದೆ, ಮೋಟ್ರು ತಿರುಗಲ್ಲ. ನಮ್ ದೊಡ್ಡಪ್ಪನ ತೋಟಕ್ಕೆ ಪ್ರವಾಹ ವಿದ್ಯುತ್ತು. ಅವ್ರ ಕಬ್ಬು ಎಂಗೈತೆ ಅಂದ್ರೆ, ನಮ್ಮವ್ವ ಆ ಕಡೆ ತಿರುಗೂ ನೋಡಲ್ಲ."

ಉತ್ತರ ತಪ್ಪಾದರೂ ಭೇಷ್ ಎಂದು ಕೂರಿಸಿದೆ. ಅವಳ ಅವ್ವನ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು.

ಪಾನಕ

ಕೆ.ಆರ್. ಪೇಟೆಯಲ್ಲಿ ಮಿಸ್ಸಿನ ಹೊಸ ಮನೆಯ ಗೃಹಪ್ರವೇಶ. ನಾನಿನ್ನೂ ಬಾಡಿಗೆ ಮನೆಯವನು, ಆ ಉರಿ ಬೇರೆ. ಹೆಂಡತಿಯೊಂದಿಗೆ ಹೋಗಿದ್ದೆ. ಪಾಲಿಸ್ಟರ್ ಶರ್ಟು ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಹಳ ಹೊತ್ತು ಅತ್ತಿತ್ತ ಸರಿದಾಡುತ್ತ ಕೂತಿದ್ದೆ. ಮಿಸ್ಸು ಪಾನಕದ ಸ್ಟೀಲ್ ಲೋಟ ಹಿಡಿದು ಬಂದರು. ಎದ್ದು ಕೈ ಚಾಚಿದೆನೋ ಇಲ್ಲವೋ, ಚಟ್ ಎಂದು ಕಿಡಿ! "ಅಯ್ಯೋ ಸಾರ್!" ಎಂದು ಮಿಸ್ಸು ಕೂಗಿದರು. ಮನೆಗೆ ಬಂದವರೆಲ್ಲ ನಕ್ಕರು, ಒಬ್ಬಳನ್ನು ಬಿಟ್ಟು.

ಬಸ್ಸಿನಲ್ಲಿ ಹೆಂಡತಿ ಬೇರೆ ಸೀಟು ಹಿಡಿದು ಕೂತಳು. ಮನೆಗೆ ಬಂದ ಮೇಲೆ ನಾನೇ ಶುರು ಮಾಡಿದೆ: "ಅದು ಸ್ಥಿರ ವಿದ್ಯುತ್ತು ಕಣೇ. ಬಟ್ಟೆ ಕುರ್ಚಿಗೆ ಉಜ್ಜಿ ಮೈಯಲ್ಲಿ ಸೇರ್ಕೊಂಡಿರ್ತದೆ, ದಾರಿ ಸಿಕ್ಕಿದ ಕೂಡ್ಲೆ ಹಾರ್ತದೆ."

"ಇಷ್ಟು ವರ್ಸದಿಂದ ನಾನು ಪಕ್ಕದಲ್ಲೇ ಇವ್ನಿ. ಒಂದ್ ದಿನಾನೂ ಯಾಕೆ ಕಿಡಿ ಹಾರ್ಲಿಲ್ಲ?"

"ಮನೇಲಿ ಹತ್ತಿ ಪಂಚೆ, ಹತ್ತಿ ಬನೀನು ಹಾಕ್ಕೋತೀನಲ್ಲ, ಅದ್ಕೆ."

ಅವಳು ಎದ್ದು ಒಳಗೆ ಹೋದಳು. ಗೆದ್ದೆ ಎಂದುಕೊಂಡೆ.

ಬೆಳಿಗ್ಗೆ ನೋಡಿದರೆ ಪಾಲಿಸ್ಟರ್ ಶರ್ಟುಗಳೆಲ್ಲ ಬೀರುವಿನೊಳಗೆ. ಬೀಗದ ಕೈ ಅವಳ ಸೊಂಟದಲ್ಲಿ. ಮಂಚದ ಮೇಲೆ ಒಂದು ಹತ್ತಿ ಅಂಗಿ.

"ಇಸ್ಕೂಲ್ಗೆ ಇದು," ಎಂದಳು. "ಮನೇಗ್ ಬಂದ್ಮೇಲೆ ಪಾಲಿಸ್ಟರ್ ಹಾಕ್ಕೊಳೀರಂತೆ."