ಶಿಲ್ಪಿಗೆಂದು ಇಟ್ಟ ಕುರ್ಚಿ

ಸತ್ತು ಎಂಟುನೂರು, ಒಂಬೈನೂರು ವರ್ಷವಾದವರ ಜೊತೆ ಮಾತಾಡುವ ವಿದ್ಯೆಯಲ್ಲಿ ಹುಮನಾಬಾದ್ ತಾಲೂಕಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಬೇರೆ ಯಾರೂ ಸ್ಪರ್ಧೆಗೇ ಇಳಿದಿಲ್ಲ! ಮಾರುಕಟ್ಟೆಯ ಪಕ್ಕ ನನ್ನದೊಂದು ದನದ ಹಿಂಡಿ ಅಂಗಡಿ ಇದೆ. ಮಧ್ಯಾಹ್ನ ಗಿರಾಕಿ ಕಡಿಮೆ. ಆಗ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದೆನೆಂದರೆ ಸಾಕು, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಬಂದು ಎದುರಿನ ಚೀಲದ ಮೇಲೆ ಕೂರುತ್ತಾನೆ. ಸಾವೆಂದರೇನು, ಸುಖವೆಂದರೇನು ಎಂದು ಚರ್ಚಿಸುತ್ತೇವೆ. ಅವನ ಆಸ್ಥಾನಕವಿಯೂ ಆಗಾಗ ಬರುತ್ತಾನೆ. ನಾರಾಯಣಪುರದ ಶಿವಾಲಯ ಕಟ್ಟಿದ ಶಿಲ್ಪಿಯಂತೂ ಮನೆಯವನೇ ಆಗಿಬಿಟ್ಟಿದ್ದ. ಪ್ರಶ್ನೆ ನನ್ನದು, ಉತ್ತರವೂ ನನ್ನದೇ. ಹಾಗಾಗಿ ಇದುವರೆಗೆ ಒಂದು ವಾದದಲ್ಲೂ ನಾನು ಸೋತಿಲ್ಲ.

ಹೆಂಡತಿ ಮಹಾನಂದಾಗೆ ಮಾತ್ರ ಈ ವಿದ್ಯೆಯ ಮೇಲೆ ಕಿಂಚಿತ್ತೂ ಗೌರವವಿಲ್ಲ.

"ಸತ್ತವರ ಜೋಡಿ ಇಷ್ಟ್ ಮಾತಾಡ್ತೀರಿ. ನಾರಾಯಣಪುರದಾಗ ಜೀವಂತ ಇದ್ದ ನಿಮ್ಮ ಅಣ್ಣನ ಜೋಡಿ ಯಾವಾಗ ಮಾತಾಡ್ತೀರಿ?"

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಕಡೆ ಎಳ್ಳಮಾಸಿಯ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯೆಂದು ಪೈರಿಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣಬೇಕು. ಎರಡು ವರ್ಷದ ಹಿಂದೆ ಅಣ್ಣನ ಹೊಲದಲ್ಲಿ, ನೆಂಟರಿಷ್ಟರ ಎದುರು, ನಾನು ಒಂದು ಲೋಟ ಅಂಬಲಿ ಕುಡಿದು ಮುಖ ಕಿವಿಚಿ, "ಹುಳಿ ಆಗ್ಯದಲ್ಲ" ಎಂದುಬಿಟ್ಟೆ. ಪೇಟೆಯ ನಾಲಿಗೆ ಎಂದು ತೋರಿಸಿಕೊಳ್ಳುವ ಚಟ, ಬೇರೇನಿಲ್ಲ. ಅಂಬಲಿ ಮಾಡಿದ ವೈನಿ, ಅಂದರೆ ಅಣ್ಣನ ಹೆಂಡತಿ, ತಲೆ ತಗ್ಗಿಸಿದರು. ಅಣ್ಣ, "ಹಂಗಾದ್ರ ನಾಳಿಂದ ನಿನ್ನ ಹಿಂಡಿ ಅಂಗಡ್ಯಾಗೇ ಉಣ್ಣು" ಎಂದ. ನಾನು ಎದ್ದೆ. ಅವನು ತಡೆಯಲಿಲ್ಲ. ಅಲ್ಲಿಗೆ ಮಾತು ನಿಂತಿತು.

ಮರುವರ್ಷ ಎಳ್ಳಮಾಸಿಯನ್ನು ನಮ್ಮ ಮಾಳಿಗೆಯ ಮೇಲೆ ಆಚರಿಸಿದೆವು. ಪೈರು ಎಂದರೆ ಎರಡು ತುಳಸಿ ಕುಂಡ, ಒಂದು ಕರಿಬೇವಿನ ಗಿಡ. ನಾನು ಗಾಂಭೀರ್ಯದಿಂದ ಎರಚಿದ ಚರಗ ಹೋಗಿ ಪಕ್ಕದ ಮನೆಯವರು ಒಣಹಾಕಿದ್ದ ಬಿಳಿ ಧೋತರದ ಮೇಲೆ ಬಿತ್ತು! ಮಹಾನಂದಾ ಒಂದು ತುತ್ತೂ ಸರಿಯಾಗಿ ಉಣ್ಣಲಿಲ್ಲ. ನನಗೂ ಇಳಿಯಲಿಲ್ಲ, ಆದರೆ ಹೇಳಿಕೊಳ್ಳಲಿಲ್ಲ.

ಈ ವರ್ಷದ ಎಳ್ಳಮಾಸಿಗೆ ಇಪ್ಪತ್ತು ದಿನ ಇರುವಾಗ ಬಸವಕಲ್ಯಾಣದ ಮಠವೊಂದರಿಂದ ಕರೆ ಬಂತು. ಪ್ರತಿ ಹುಣ್ಣಿಮೆಯ ಸಂಜೆ ಅಲ್ಲಿ ಶಿವಾನುಭವ ಗೋಷ್ಠಿ ನಡೆಯುತ್ತದೆ. ಈ ಸಲ ನಿಗದಿಯಾಗಿದ್ದ ಭಾಷಣಕಾರರಿಗೆ ಗಂಟಲು ಕಟ್ಟಿದೆಯಂತೆ. ವ್ಯವಸ್ಥಾಪಕ ಕಾಶಪ್ಪ ಫೋನಿನಲ್ಲಿ, "ನೀವು ಯಾರ್ ಯಾರ್ ಜೋಡಿನೋ ಮಾತಾಡ್ತೀರಂತಲ್ರಿ, ಅದನ್ನೇ ಬಂದು ಮಾಡ್ರಿ" ಎಂದರು. ಕೊನೆಗೂ ನಾಡು ನನ್ನನ್ನು ಗುರುತಿಸಿತ್ತು!

ತಯಾರಿ ಶುರುವಾಯಿತು. ವೇದಿಕೆಯ ಮೇಲೆ ಎರಡು ಕುರ್ಚಿ. ಒಂದರಲ್ಲಿ ನಾನು. ಇನ್ನೊಂದು ಖಾಲಿ, ಅದರ ಮೇಲೊಂದು ಶಾಲು. ಅದರಲ್ಲಿ ಚಕ್ರವರ್ತಿ, ಕವಿ, ಶಿಲ್ಪಿ ಒಬ್ಬೊಬ್ಬರಾಗಿ ಬಂದು ಕೂತಂತೆ ಭಾವಿಸಿ ನಾನು ಕಣ್ಣು ಮುಚ್ಚಿ ಪ್ರಶ್ನಿಸುವುದು, ಧ್ವನಿ ಬದಲಿಸಿ ಉತ್ತರಿಸುವುದು. ಅಂಗಡಿಯಲ್ಲಿ ಕಣ್ಣು ಮುಚ್ಚಿ ಅಭ್ಯಾಸಕ್ಕೆ ಕೂತೆ. "ಎಲೈ ಶಿಲ್ಪಿಯೇ, ಇದಕ್ಕೆಲ್ಲ ಇಷ್ಟೊಂದು ಕಲ್ಲು ನಿನಗೆ ಎಲ್ಲಿ ಸಿಕ್ಕಿತು?"

"ಕಲ್ಲಾ? ಈ ಹಿಂಡ್ಯಾಗ ಕಲ್ಲ್ ಅದಾವೇನ್ರಿ?"

ಕಣ್ಣು ಬಿಟ್ಟೆ. ಪಕ್ಕದ ಹುಡಗಿ ಗ್ರಾಮದ, ಎಮ್ಮೆ ಸಾಕುವ ಮುದುಕರೊಬ್ಬರು ಕೈಯಲ್ಲಿದ್ದ ಹಿಂಡಿಯನ್ನು ಮೂಸಿ ನೋಡುತ್ತಿದ್ದರು. ನಾನು ಚಾಲುಕ್ಯರ ವಾಸ್ತುಶಿಲ್ಪವನ್ನು ವಿವರಿಸಿ ಮುಗಿಸುವಷ್ಟರಲ್ಲಿ ಅವರು ಎದುರಿನ ಅಂಗಡಿ ಹೊಕ್ಕಿದ್ದರು.

ಹುಣ್ಣಿಮೆಯ ದಿನ ಮಹಾನಂದಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಸವಕಲ್ಯಾಣಕ್ಕೆ ಹೊರಟೆ. ದಾರಿಯುದ್ದಕ್ಕೂ ಅವಳು ಯಾರಿಗೋ ಫೋನಿನಲ್ಲಿ ಪಿಸುಗುಡುತ್ತಿದ್ದಳು. ನಾನು ಶಿಲ್ಪಿಯ ಧ್ವನಿ ಹದ ಮಾಡುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ.

ಗೋಷ್ಠಿ ಭರ್ಜರಿಯಾಗಿ ಆರಂಭವಾಯಿತು. ದಪ್ಪ ಧ್ವನಿಯಲ್ಲಿ ಚಕ್ರವರ್ತಿ ಸಾವಿನ ಬಗ್ಗೆ ಮಾತಾಡಿದ. ಸಣ್ಣ ಧ್ವನಿಯಲ್ಲಿ ಕವಿ ಸುಖದ ಬಗ್ಗೆ ಎಷ್ಟು ದೀರ್ಘವಾಗಿ ಹೇಳಿದನೆಂದರೆ ಮುಂದಿನ ಸಾಲಿನ ಇಬ್ಬರು ನಿಜವಾದ ಸುಖವನ್ನು ಅನುಭವಿಸುತ್ತ ಗೊರಕೆ ಹೊಡೆದರು. ನಾನು ಕಣ್ಣು ತೆರೆಯಲೇ ಇಲ್ಲ. ಅದೇ ನಾನು ಮಾಡಿದ ಮಹಾಪರಾಧ!

ನಮ್ಮ ಕಡೆಯ ಸಭೆಗಳ ಒಂದು ಕಟ್ಟಳೆ ನಿಮಗೆ ಗೊತ್ತಿರಬೇಕು. ವೇದಿಕೆಯ ಮೇಲೆ ಕುರ್ಚಿ ಖಾಲಿ ಇದ್ದು, ಕೆಳಗೆ ಹಿರಿಯರೊಬ್ಬರು ನಿಂತಿದ್ದರೆ ಯಾವ ವ್ಯವಸ್ಥಾಪಕನೂ ಸುಮ್ಮನಿರಲಾರ. ಅವರನ್ನು ಕೈಹಿಡಿದು ಹತ್ತಿಸಲೇಬೇಕು, ಕೂರಿಸಲೇಬೇಕು. ಕುರ್ಚಿಯ ಮೇಲೆ ಶಾಲು ಇದ್ದರಂತೂ ಹೊದಿಸಲೇಬೇಕು. ನನ್ನ ಖಾಲಿ ಕುರ್ಚಿಯ ತತ್ತ್ವವನ್ನು ಕಾಶಪ್ಪನವರಿಗೆ ಮೂರು ಸಲ ವಿವರಿಸಿದ್ದೆ. ಆದರೆ ಆಗಷ್ಟೇ ಬಂದು ಕಂಬಕ್ಕೆ ಒರಗಿ ನಿಂತವರೊಬ್ಬರನ್ನು ಕಂಡದ್ದೇ ತಡ, ತತ್ತ್ವವೆಲ್ಲ ಅವರ ತಲೆಯಿಂದ ಹಾರಿಹೋಯಿತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

"ಶಿಲ್ಪಿಗಳೇ," ನಾನು ಕಣ್ಣು ಮುಚ್ಚಿಯೇ ಕೈಮುಗಿದೆ. "ತಾವು ಎಲ್ಲಿಂದ ದಯಮಾಡಿಸಿದಿರಿ?"

ಧ್ವನಿ ಬದಲಿಸಲೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಉತ್ತರ ಬಂತು. "ನಾರಾಯಣಪುರದಿಂದ."

ಮೈ ಜುಮ್ಮೆಂದಿತು. ನಾನು ಬಾಯೇ ತೆರೆದಿರಲಿಲ್ಲ! ಧ್ವನಿ ನನ್ನದೇ ಇದ್ದಂತಿತ್ತು. ವರ್ಷಗಟ್ಟಲೆ ಮಾಡಿದ ಸಾಧನೆ ಇಂದು ಫಲಿಸಿತೆಂದು ಕಣ್ಣಂಚು ಒದ್ದೆಯಾಯಿತು.

"ಇಷ್ಟು ಕಾಲ ಯಾಕೆ ಮೌನವಾಗಿದ್ದಿರಿ, ಮಹಾನುಭಾವರೇ?"

"ಯಾರೂ ಮಾತಾಡ್ಸಲಿಲ್ಲ."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಜ್ಞಾನಿಗಳು! ನಾನು ನನ್ನ ಬದುಕಿನ ಅತಿ ದೊಡ್ಡ ಪ್ರಶ್ನೆಯನ್ನು ಎತ್ತಿದೆ. "ಹೇಳಿರಿ, ಮನುಷ್ಯ ಸಿಟ್ಟನ್ನು ಗೆಲ್ಲುವುದು ಹೇಗೆ?"

"ಅದು ನನಗ ಗೊತ್ತಿದ್ದರ ಎರಡು ವರ್ಷ ಸುಮ್ಮ ಕುಂದರ್ತಿದ್ನೇನೋ ತಮ್ಮಾ? ಅಂಬಲಿಗಿ ಹುಳಿ ಅಂದವ ನೀ, ಪ್ರಶ್ನಾ ನನಗ ಕೇಳ್ತಿ!"

ಕಣ್ಣು ತೆರೆದೆ. ಶಿಲ್ಪಿಯ ಕುರ್ಚಿಯಲ್ಲಿ ಶಾಲು ಹೊದ್ದು, ಕೊರಳಲ್ಲಿ ಚೆಂಡು ಹೂವಿನ ಹಾರ ಹಾಕಿಕೊಂಡು ನನ್ನ ಅಣ್ಣ ಕೂತಿದ್ದ! ನಮ್ಮಿಬ್ಬರದೂ ಅಪ್ಪನ ಧ್ವನಿ ಎಂಬುದು ನನಗೆ ಮರೆತೇಹೋಗಿತ್ತು.

ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಗೊರಕೆಯವರಿಬ್ಬರೂ ಎದ್ದು ಕೂತು, ಏನಾಯಿತೆಂದು ಕೇಳದೆಯೇ ನಕ್ಕರು. ನಾನು ಬರೆದುಕೊಂಡು ಬಂದ ಹಾಳೆಗಳಲ್ಲಿ ಉತ್ತರ ಹುಡುಕಿದೆ. ಚಕ್ರವರ್ತಿಗೆ ಹೇಳಲು ನಾಲ್ಕು ಪುಟ ಇದ್ದವು, ಅಣ್ಣನಿಗೆ ಹೇಳಲು ಒಂದು ಸಾಲೂ ಇರಲಿಲ್ಲ. ಮೈಕಿನಲ್ಲೇ, "ತಪ್ಪಾಯ್ತೋ ಅಣ್ಣಾ" ಎಂದೆ. ಕವಿಯ ಸಣ್ಣ ಧ್ವನಿ ಹೊರಟಿತು!

ಅಣ್ಣನ ಕಣ್ಣುಗಳೂ ತುಂಬಿದ್ದವು. ಶಾಲಿನಿಂದಲೇ ಒರೆಸಿಕೊಂಡ. "ತಪ್ಪು ನಂದೂ ಅದ. ಎದ್ದು ಹೊಂಟವಗ ನಿಲ್ಲು ಅನ್ಲಿಲ್ಲ. ಎಳ್ಳಮಾಸಿಗಿ ಹೊಲಕ್ಕ ಬರ್ರಿ, ಇಬ್ರೂ."

ಕೆಳಗೆ ಹೆಂಗಸರ ಸಾಲಿನಲ್ಲಿ ಮಹಾನಂದಾ ಮತ್ತು ವೈನಿ ಒತ್ತಿಕೊಂಡು ಕೂತಿದ್ದರು. ಫೋನಿನ ಪಿಸುಮಾತಿನ ಗುಟ್ಟು ಆಗ ಬಯಲಾಯಿತು. "ನೀವು ಶಿಲ್ಪಿನ್ನ ಕರೀತೀನಿ ಅಂದ್ರಿ, ನಾ ಭಾವನ್ನ ಕರದೆ. ಖುರ್ಚಿ ಮ್ಯಾಲ ಕುಂದರಸಿದ್ದು ಮಾತ್ರ ನಾ ಅಲ್ಲ" ಎಂದಳು ಅವಳು.

ಎಳ್ಳಮಾಸಿಯ ದಿನ ಆಳೆತ್ತರದ ಜೋಳದ ನಡುವೆ ಅಣ್ಣನೂ ನಾನೂ ಸೇರಿ ಚರಗ ಚೆಲ್ಲಿದೆವು. ಈ ಸಲ ಯಾರ ಧೋತರಕ್ಕೂ ಬೀಳಲಿಲ್ಲ. ಉಣ್ಣಲು ಕೂತಾಗ ವೈನಿ ಅಂಬಲಿಯ ಗಡಿಗೆ ತಂದು, ಮೊದಲ ಲೋಟವನ್ನು ನನ್ನ ಕೈಗಿಟ್ಟು ಎದುರಿಗೇ ನಿಂತರು. ಎಲ್ಲರೂ ಉಣ್ಣುವುದನ್ನು ಬಿಟ್ಟು ನನ್ನ ಮುಖ ನೋಡಿದರು. ಒಂದು ಗುಟುಕು ಕುಡಿದೆ. ಹುಳಿ! ಎರಡು ವರ್ಷದ ಹಿಂದಿನದಕ್ಕಿಂತ ಒಂದು ಕೈ ಮೇಲು! ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, "ಭಾಳ ಛಲೋ ಆಗ್ಯದ್ರಿ ವೈನಿ" ಎಂದೆ.

"ಕಣ್ ತೆರ್ದ್ ಹೇಳೋ" ಎಂದ ಅಣ್ಣ.

ತೆರೆದೆ. "ಜರಾ ಹುಳಿ ಅದ್ರಿ."

ವೈನಿ ನಕ್ಕು ಲೋಟವನ್ನು ಮತ್ತೆ ತುಂಬಿಸಿದರು. "ಹುಳಿ ಬರ್ಲಿ ಅಂತನೇ ಎರಡು ದಿನ ಇಡ್ತೀವ್ರಿ. ಹುಳಿ ಬರ್ಲಿಲ್ಲಂದ್ರ ಅದು ಅಂಬಲಿ ಹ್ಯಾಂಗಾಗ್ತದ?"

ಚಕ್ರವರ್ತಿಯಾಗಲಿ, ಕವಿಯಾಗಲಿ, ಶಿಲ್ಪಿಯಾಗಲಿ, ಎರಡು ವರ್ಷದಲ್ಲಿ ಒಬ್ಬನೂ ನನಗೆ ಇಷ್ಟು ಸಣ್ಣ ಮಾತನ್ನು ಹೇಳಿರಲಿಲ್ಲ. ಪಾಪ, ಅವರಾದರೂ ಹೇಗೆ ಹೇಳಿಯಾರು? ಅವರ ಉತ್ತರಗಳನ್ನೆಲ್ಲ ಬರೆದವನು ನಾನು!